ಡೈವ್ ಕೋಸ್ಟರ್: ತುದಿಯಲ್ಲಿ ತಡೆದು ಬಿಡುವ ಬಂಡಿ

ಸೈಕಲ್ಲಿಗೆ ಇಳಿಜಾರು ಸಿಕ್ಕಿದರೆ ಯಾರೂ ಪೆಡಲ್ ತುಳಿಯುವುದಿಲ್ಲ. ಸುಮ್ನೆ ಕೂತರೆ ಸಾಕು, ತಾನಾಗಿ ಓಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಕೋಸ್ಟ್’ ಮಾಡುವುದು ಅನ್ನುತ್ತಾರೆ. ರೋಲರ್ ಕೋಸ್ಟರ್ ಹೆಸರಿನಲ್ಲಿರುವುದು ಈ ಅರ್ಥದ ಕೋಸ್ಟ್, ಸಮುದ್ರತೀರ ಅನ್ನುವ ಅರ್ಥದ್ದಲ್ಲ. ಬಂಡಿಗೆ ಎಂಜಿನ್ ಇರುವುದಿಲ್ಲ. ಹೆಚ್ಚಿನ ಕೋಸ್ಟರುಗಳಲ್ಲಿ ಸರಪಳಿಯೊಂದು ಅದನ್ನು ಎಳೆದು ಮೇಲೆ ಮುಟ್ಟಿಸುತ್ತದೆ. ಅಲ್ಲಿಂದಾಚೆಗೆ ಎಲ್ಲ ಕೆಲಸವೂ ಭೂಮಿಯ ಸೆಳೆತದ್ದು.

ಕೋಸ್ಟರ್ ಅನ್ನುವ ಹೆಸರಿಗೆ ಮೊದಲು ‘ಡೈವ್’ ಸೇರಿಕೊಂಡರೆ ಅದೊಂದು ಬೇರೆಯೇ ಜಾತಿ. ಮೊದಲ ಇಳಿತ ಗೋಡೆಯಷ್ಟು ನೆಟ್ಟಗಿರಬೇಕು. ಬಂಡಿ ಉದ್ದಕ್ಕಿಂತ ಅಗಲ ಜಾಸ್ತಿ ಇರಬೇಕು. ಮತ್ತೆ, ಇಳಿಯುವ ಮುಂಚೆ ಅಂಚಿನಲ್ಲಿ ಒಂದು ಗಳಿಗೆ ನಿಲ್ಲಬೇಕು. ನನ್ನ ಪ್ರಕಾರ ಈ ನಿಲ್ಲುವುದರಲ್ಲೇ ಅದರ ಜೀವ ಇರುವುದು.

ಸರಪಳಿ ಎಳೆದು ಮೇಲೆ ತಂದ ಬಂಡಿ ನಿಧಾನಕ್ಕೆ ತಿರುಗಿ ಅಂಚಿಗೆ ಬರುತ್ತದೆ. ಅದರ ಮೂತಿ ಕೆಳಕ್ಕೆ ಬಾಗುತ್ತದೆ. ಇನ್ನೇನು ಹೋಯಿತು ಅನ್ನುವಾಗ ಹೋಲ್ಡಿಂಗ್ ಬ್ರೇಕ್ ಹಿಡಿದುಕೊಳ್ಳುತ್ತದೆ. ಬೆನ್ನು ಸೀಟನ್ನು ಬಿಟ್ಟಿರುತ್ತದೆ, ಮೈಭಾರ ಭುಜದ ಮೇಲಿಂದ ಬಂದ ಪಟ್ಟಿಯ ಮೇಲೆ ವಾಲಿರುತ್ತದೆ. ಮುಂದಿನ ಸಾಲಿನವರಿಗೆ ಪಾದದಾಚೆ ನೆಲ ಕಾಣುತ್ತದೆ. ನೆಲದ ಮೇಲೆ ಓಡಾಡುವವರು ಕಾಣುತ್ತಾರೆ. ಮೂರು ಸೆಕೆಂಡು, ನಾಲ್ಕು ಸೆಕೆಂಡು. ಬೇರೆ ಕೋಸ್ಟರಿನಲ್ಲಿ ಹೆದರುವುದಕ್ಕೂ ಪುರುಸೊತ್ತಿಲ್ಲ, ಬಾಯಿ ತೆರೆಯುವಷ್ಟರಲ್ಲಿ ಅರ್ಧ ಇಳಿದಾಗಿರುತ್ತದೆ. ಇಲ್ಲಿ ಹೆದರುವುದಕ್ಕೆಂದೇ ಟೈಮ್ ಕೊಟ್ಟು ಕೂರಿಸುತ್ತಾರೆ! ಆಮೇಲೆ ಬ್ರೇಕ್ ಬಿಡುತ್ತದೆ.

ಈ ಜಾತಿಯ ಮೊದಲನೆಯದು ಒಬ್ಲಿವಿಯನ್. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿರುವ ಆಲ್ಟನ್ ಟವರ್ಸ್ ಪಾರ್ಕಿನಲ್ಲಿ 1998ರ ಮಾರ್ಚಿನಲ್ಲಿ ಶುರುವಾಯಿತು. ಕಟ್ಟಿದ್ದು ಸ್ವಿಟ್ಜರ್ಲೆಂಡಿನ ಬೊಲಿಗರ್ ಅಂಡ್ ಮಬಿಯಾರ್ ಕಂಪನಿ. ಕೋಸ್ಟರ್ ಹುಚ್ಚಿನವರು ಚಿಕ್ಕದಾಗಿ ‘ಬಿ ಅಂಡ್ ಎಂ’ ಅನ್ನುತ್ತಾರೆ. ಆ ಪಾರ್ಕಿಗೆ ಒಂದು ಕಟ್ಟುಪಾಡು ಇತ್ತು. ಸುತ್ತಲಿನ ಮರಗಳ ತಲೆಯ ಮೇಲೆ ಯಾವ ಆಟವೂ ಎದ್ದು ಕಾಣುವ ಹಾಗಿಲ್ಲ. ಮೇಲಕ್ಕೆ ಏರಲು ಬಿಡದಿದ್ದರೆ ಏನಂತೆ, ಅವರು ಕೆಳಕ್ಕೆ ಅಗೆದರು. ಹಾಗಾಗಿ ಒಬ್ಲಿವಿಯನ್ ನೆಲದಿಂದ ಸುಮಾರು 20 ಮೀಟರ್ ಎತ್ತರ ಮಾತ್ರ ಇದೆ, ಆದರೆ ಇಳಿತ 55 ಮೀಟರ್. ಉಳಿದದ್ದೆಲ್ಲ ನೆಲದೊಳಗಿನ ಕತ್ತಲ ಸುರಂಗ. ಅಂಚಿನಲ್ಲಿ ನಿಂತಾಗ ‘ಕೆಳಗೆ ನೋಡಬೇಡಿ’ ಅಂತ ಒಂದು ದನಿ ಬೇರೆ ಕೇಳಿಸುತ್ತದೆ. ಹಾಗಂದರೆ ಯಾರು ತಾನೇ ನೋಡದೆ ಇರುತ್ತಾರೆ? ನೋಡಿದರೆ ಕಾಣುವುದು ಹೊಗೆಯಾಡುವ ಕಪ್ಪು ಗುಂಡಿ. ಅಡ್ಡಿಯಾಗಿ ಬಂದ ಕಟ್ಟುಪಾಡೇ ಆ ಆಟದ ಅತಿ ಭಯದ ಭಾಗವನ್ನು ಕೊಟ್ಟಿತು.

ಇಳಿತ ಎಷ್ಟು ಕಡಿದು ಅನ್ನುವ ಡಿಗ್ರಿ ಲೆಕ್ಕ ಹೀಗೆ: ಸಮತಟ್ಟು ನೆಲ 0, ನೆಟ್ಟಗಿನ ಗೋಡೆ 90. ಒಬ್ಲಿವಿಯನ್ನಿನದು 87.5. ಕೂತವರಿಗೆ ಆ ಎರಡೂವರೆ ಡಿಗ್ರಿಯ ಕೊರತೆ ಗೊತ್ತಾಗುವುದೇ ಇಲ್ಲ. ಪೂರ್ತಿ 90 ಡಿಗ್ರಿಯ ಇಳಿತ ಬಂದದ್ದು 2005ರಲ್ಲಿ, ಫ್ಲೋರಿಡಾದ ಬುಷ್ ಗಾರ್ಡನ್ಸ್ ಟ್ಯಾಂಪಾದಲ್ಲಿರುವ ಶೈಕ್ರಾ ಜೊತೆಗೆ. ಈಗ 90 ದಾಟಿದ್ದೂ ಇವೆ. ಅಂದರೆ ಹಳಿ ಒಳಕ್ಕೆ ಮಡಚಿ, ಮುಂದಕ್ಕೆ ಚಾಚಿದ ಬಂಡೆಯ ಅಡಿಗೆ ಇಳಿದ ಹಾಗೆ ಇಳಿಯುತ್ತದೆ. ಶಿಕಾಗೋ ಹತ್ತಿರದ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಮೆರಿಕಾದಲ್ಲಿ 2025ರಲ್ಲಿ ಬಂದದ್ದು 96 ಡಿಗ್ರಿ. ಅದರ ಹೆಸರು ‘ರಾತ್ ಆಫ್ ರಾಕ್ಷಸ’, ನಮ್ಮ ಮಾತಿನಲ್ಲಿ ರಾಕ್ಷಸನ ಕೋಪ. ನಮ್ಮ ಕಥೆಗಳ ರಾಕ್ಷಸ ಅಲ್ಲಿಯವರೆಗೂ ಹೋಗಿ ಕೂತಿದ್ದಾನೆ ನೋಡಿ.

ವೇಗದ ಲೆಕ್ಕ ಕಾಗದದ ಮೇಲೆ ಮಾಡಬಹುದು. 55 ಮೀಟರಿನಿಂದ ಒಂದು ಕಲ್ಲು ಬಿಟ್ಟರೆ, ಗಾಳಿಯ ತಡೆ ಇಲ್ಲ ಅಂತ ಇಟ್ಟುಕೊಂಡರೆ, ನೆಲ ಮುಟ್ಟುವಾಗ ಗಂಟೆಗೆ ಸುಮಾರು 118 ಕಿಲೋಮೀಟರ್ ವೇಗ ಇರುತ್ತದೆ. ಒಬ್ಲಿವಿಯನ್ನಿನ ವೇಗ ಸುಮಾರು 110. ಬಂಡಿ ಹೆಚ್ಚೂಕಡಿಮೆ ಕಲ್ಲಿನ ಹಾಗೇ ಬೀಳುತ್ತದೆ ಅಂತಾಯಿತು. ಎತ್ತರ ಎರಡು ಪಟ್ಟಾದರೆ ವೇಗವೂ ಎರಡು ಪಟ್ಟು ಅಂದುಕೊಳ್ಳಬೇಡಿ. ಅದಕ್ಕೆ ನಾಲ್ಕು ಪಟ್ಟು ಎತ್ತರ ಬೇಕು. ಕೆನಡಾಸ್ ವಂಡರ್‌ಲ್ಯಾಂಡಿನ ಯೂಕಾನ್ ಸ್ಟ್ರೈಕರ್ 75 ಮೀಟರ್ ಇಳಿಯುತ್ತದೆ. ಅಷ್ಟಾದರೂ ಅದರ ವೇಗ 130ರ ಆಸುಪಾಸು.

ಹೊಟ್ಟೆಯೊಳಗೆ ಝುಂ ಅನ್ನುವುದೂ ಹೀಗೆ ಕಲ್ಲಿನ ಹಾಗೆ ಬೀಳುವುದರಿಂದಲೇ. ಎಂದಿನಂತೆ ಕೂತಾಗ ಸೀಟು ನಮ್ಮನ್ನು ಮೇಲಕ್ಕೆ ಒತ್ತುತ್ತಿರುತ್ತದೆ, ಕರುಳು ಜಠರ ಎಲ್ಲ ಒಂದರ ಮೇಲೊಂದು ಭಾರ ಹಾಕಿರುತ್ತವೆ. ಬಂಡಿಯೂ ನಾವೂ ಒಟ್ಟಿಗೇ ಬೀಳುವಾಗ ಆ ಒತ್ತಡ ಮಾಯ. ಸಂದೇಶ ತಲೆಗೆ ಹೋಗುತ್ತದೆ: ಏನೋ ಸರಿಯಿಲ್ಲ. ಮೂರು ಸೆಕೆಂಡಿನ ಮೇಲೆ ಹಳಿ ಮೇಲಕ್ಕೆ ತಿರುಗುತ್ತದೆ, ಆಗ ನಮ್ಮದೇ ತೂಕ ಹಲವು ಪಟ್ಟಾಗಿ ಸೀಟಿಗೆ ಅದುಮುತ್ತದೆ.

ಬಂಡಿಯ ಅಗಲಕ್ಕೂ ಕಾರಣ ಇದೆ. ಉದ್ದದ ಬಂಡಿಯನ್ನು ಅಂಚಿನಲ್ಲಿ ತಡೆದರೆ ಮುಂದಿನವರಷ್ಟೇ ನೇತಾಡುತ್ತಾರೆ, ಹಿಂದಿನವರಿಗೆ ಬರೀ ಆಕಾಶ. ಅದಕ್ಕೇ ಒಬ್ಲಿವಿಯನ್ನಿನಲ್ಲಿ ಎಂಟೆಂಟು ಜನರ ಎರಡೇ ಸಾಲು. ಹಿಂದಿನ ಸಾಲು ಸ್ವಲ್ಪ ಎತ್ತರದಲ್ಲಿ ಇರುವುದರಿಂದ ಅವರಿಗೂ ಕೆಳಗಿನದು ಕಾಣುತ್ತದೆ. ಹಳಿ ಇರುವುದು ನಡುವೆ ಮಾತ್ರ. ತುದಿ ಸೀಟಿನವರ ಕೆಳಗೆ ಏನೂ ಇಲ್ಲ. 2007ರಲ್ಲಿ ಶೈಕ್ರಾದ ಬಂಡಿಗಳಿಂದ ಕಾಲಿಡುವ ನೆಲವನ್ನೂ ತೆಗೆದುಬಿಟ್ಟರು. ಹಾಗಿದ್ದೂ ಬಂಡಿ ಹಳಿ ಬಿಟ್ಟು ಹೋಗುವುದಿಲ್ಲ. ಉಕ್ಕಿನ ಕೊಳವೆಯಂಥ ಹಳಿಯನ್ನು ಮೇಲೊಂದು, ಪಕ್ಕದಲ್ಲೊಂದು, ಅಡಿಯಲ್ಲೊಂದು ಚಕ್ರ ಕಚ್ಚಿಕೊಂಡಿರುತ್ತವೆ.

ಇನ್ನು ಒಂದು ಗೊಂದಲ. ಜಪಾನಿನ ಫುಜಿ-ಕ್ಯೂ ಹೈಲ್ಯಾಂಡಿನ ತಕಾಬಿಷಾ 121 ಡಿಗ್ರಿ ಕಡಿದು. ಅದನ್ನು ಡೈವ್ ಕೋಸ್ಟರ್ ಅನ್ನಬಹುದಾ? ಗೊತ್ತಿದ್ದವರು ಒಪ್ಪುವುದಿಲ್ಲ. ಅದು ಜರ್ಮನಿಯ ಗೆರ್ಸ್ಟ್‌ಲಾವರ್ ಕಂಪನಿಯ ಯೂರೋ-ಫೈಟರ್ ಮಾದರಿ, ಪುಟ್ಟ ಬಂಡಿ. ‘ಡೈವ್ ಕೋಸ್ಟರ್’ ಅನ್ನುವುದು ಮೂಲದಲ್ಲಿ ಬಿ ಅಂಡ್ ಎಂ ಮಾದರಿಯ ಹೆಸರು. ಆದರೆ ಆಡುಮಾತಿನಲ್ಲಿ ಕಡಿದಾಗಿ ಬೀಳುವ ಎಲ್ಲದಕ್ಕೂ ಜನ ಅದನ್ನೇ ಅಂಟಿಸುತ್ತಾರೆ. ಎರಡೂ ಬಳಕೆ ಇರುವುದರಿಂದ ಓದುವಾಗ ಯಾವುದು ಅಂತ ನೋಡಿಕೊಳ್ಳಬೇಕು.

ಕನ್ನಡದಲ್ಲಿ ಏನನ್ನೋಣ? ‘ಬೀಳುಬಂಡಿ’ ಅಂದರೆ ಅಪಘಾತದ ಸುದ್ದಿಯ ಹಾಗಿದೆ. ‘ಧುಮುಕುಬಂಡಿ’ ಕಿವಿಗೆ ಚೆನ್ನಾಗಿದೆ, ಆದರೆ ಧುಮುಕುವವನು ತಾನೇ ಮನಸ್ಸು ಮಾಡಿ ಧುಮುಕುತ್ತಾನೆ. ಇಲ್ಲಿ ಮನಸ್ಸು ಮಾಡುವುದು ಬ್ರೇಕು.