ಸಿನಿಮಾ ಮುಖದ ಪುಸ್ತಕ ಬೇಡ

ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದಂಗಡಿಯೊಂದರಲ್ಲಿ ಕಂಡದ್ದು. ಹನ್ನೆರಡೋ ಹದಿಮೂರೋ ವಯಸ್ಸಿನ ಹುಡುಗಿ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೇ ಕಾದಂಬರಿಯ ಎರಡು ಪ್ರತಿ ಹಿಡಿದುಕೊಂಡಿದ್ದಳು. ಒಂದರ ಮುಖಪುಟದ ತುಂಬ ನಟನ ಮುಖ, ಮೂಲೆಯಲ್ಲಿ ‘ಈಗ ಸಿನಿಮಾ ಆಗಿದೆ’ ಎಂದು ಸಾರುವ ದುಂಡನೆಯ ಗುರುತು. ಇನ್ನೊಂದರ ಬೆನ್ನು ಕಿತ್ತುಹೋಗಿ ಟೇಪು ಹಚ್ಚಿದ್ದರು. ಮುಖಪುಟದಲ್ಲಿ ಒಂದು ಗುಡ್ಡ, ಒಂದು ಮರ, ಅಷ್ಟೆ.

“ಇದೇ ಹೊಸದಾಗಿದೆಯಲ್ಲ ಪುಟ್ಟಿ, ಐವತ್ತು ರೂಪಾಯಿ ಕಮ್ಮಿನೂ ಇದೆ” ಅಂದರು ಅಪ್ಪ.

“ಬೇಡಪ್ಪಾ, ಅದ್ರಲ್ಲಿ ಅವನ ಮುಖ ಇದೆ. ಓದ್ವಾಗೆಲ್ಲ ಅವನೇ ಬರ್ತಾನೆ.”

ಟೇಪು ಹಚ್ಚಿದ್ದಕ್ಕೇ ದುಡ್ಡು ಕೊಟ್ಟು ಹೋದರು. ಆ ಅಂಗಡಿಯಲ್ಲಿ ಇದು ಹೊಸ ದೃಶ್ಯವೇನಲ್ಲ. ಫ್ಯಾಂಟಸಿ ಕಾದಂಬರಿಗಳನ್ನು ಎದೆಗವಚಿಕೊಂಡು ಬೆಳೆದವರಿಗೆ ಸಿನಿಮಾ ಮೇಲೆ ಒಂದು ಹಳೆ ಮುನಿಸಿದೆ. ಮುನಿಸಿದ್ದರೂ ಮೊದಲ ದಿನ ಮೊದಲ ಷೋಗೆ ಟಿಕೆಟ್ ಬುಕ್ ಮಾಡುವವರೂ ಅವರೇ.

ಈ ಮುನಿಸು ಶುರುವಾದದ್ದು ಓದುಗರಿಂದಲ್ಲ, ಬರೆದವರಿಂದ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954–55ರಲ್ಲಿ ಪ್ರಕಟವಾಯಿತು. ಎರಡೇ ವರ್ಷಕ್ಕೆ ಸಿನಿಮಾದವರು ಬಾಗಿಲು ತಟ್ಟಿದರು. ಆಗ ಅದನ್ನು ಬರೆದ ಟೋಲ್ಕಿನ್ ತಮ್ಮ ಪ್ರಕಾಶಕರ ಜೊತೆ ಸೇರಿ ಮಾಡಿಕೊಂಡ ತೀರ್ಮಾನ ಖಡಕ್ಕಾಗಿತ್ತು: ಒಂದೋ ಕೈತುಂಬ ದುಡ್ಡು ಕೊಡಿ, ಇಲ್ಲವೇ ಇಷ್ಟವಾಗದ್ದನ್ನು ತೆಗೆದುಹಾಕಿಸುವ ಪೂರ್ತಿ ಹಕ್ಕು ಕೊಡಿ. 1958ರಲ್ಲಿ ಚಿತ್ರಕಥೆಯ ಕರಡು ಕೈಗೆ ಬಂದಾಗ ಪುಟ ಪುಟಕ್ಕೂ ತಕರಾರು ಬರೆದು ಕಳಿಸಿದರು. ಪಾತ್ರಗಳನ್ನು ಹೋದಲ್ಲಿ ಬಂದಲ್ಲಿ ಹದ್ದಿನ ಬೆನ್ನಿಗೆ ಹತ್ತಿಸುತ್ತಿದ್ದಾರಲ್ಲ ಎನ್ನುವುದು ಅದರಲ್ಲೊಂದು. ಆ ಸಿನಿಮಾ ಆಗಲೇ ಇಲ್ಲ. ಕೊನೆಗೆ 1969ರಲ್ಲಿ ಹಕ್ಕು ಮಾರಿದರು. ಗೆದ್ದದ್ದು ದುಡ್ಡಿನ ದಾರಿ.

ಜರ್ಮನಿಯ ಮಿಖಾಯೆಲ್ ಎಂಡೆ ಇನ್ನೂ ಮುಂದೆ ಹೋದರು. ತಮ್ಮ ಕಾದಂಬರಿ ‘ದಿ ನೆವರ್‌ಎಂಡಿಂಗ್ ಸ್ಟೋರಿ’ 1984ರಲ್ಲಿ ತೆರೆಗೆ ಬಂದ ಸಿನಿಮಾ ಆಗುವಾಗ, ಒಂದೋ ನಿಲ್ಲಿಸಿ ಇಲ್ಲವೇ ಹೆಸರು ಬದಲಿಸಿ ಎಂದರು, ಕೇಳದಿದ್ದಾಗ ಕೋರ್ಟಿಗೆ ಹೋಗಿ ಸೋತರು. ಸಿನಿಮಾ ಕಾದಂಬರಿಯ ಅರ್ಧಕ್ಕೇ ನಿಂತಿತ್ತು. ಮನಸ್ಸಿಗೆ ಬಂದದ್ದೆಲ್ಲ ಕೈಗೂಡುವ ವರ ಪಡೆದ ಹುಡುಗ ಹೇಗೆ ಕೆಡುತ್ತಾ ಹೋಗುತ್ತಾನೆ ಎನ್ನುವುದೇ ಉಳಿದ ಅರ್ಧದ ಕಥೆ. ಅದನ್ನು ಬಿಟ್ಟರೆ ಏನು ಉಳಿಯಿತು ಎಂದು ಎಂಡೆ ಕೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ ನೋವು ಬೇರೆ ತರಹದ್ದು. ಅವರ ಅರ್ಥ್‌ಸೀ ದ್ವೀಪಗಳ ಜನರಲ್ಲಿ ಹೆಚ್ಚಿನವರು ಕಂದು, ಕಪ್ಪು ಬಣ್ಣದವರು. ನಾಯಕ ಗೆಡ್ ಕೆಂಗಂದು ಮೈಬಣ್ಣದವನು. 2004ರ ಟಿವಿ ಸರಣಿಯಲ್ಲಿ ಅವನು ಬೆಳ್ಳಗಿನ ಹುಡುಗನಾಗಿಬಿಟ್ಟ. ಲೆ ಗ್ವಿನ್ ಬಹಿರಂಗವಾಗಿಯೇ ಬರೆದು ಖಂಡಿಸಿದರು.

ಇದು ಪರದೇಶದವರ ರಗಳೆ ಎಂದು ಕನ್ನಡಿಗರು ದೂರ ನಿಲ್ಲುವಂತಿಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ‘ನಾಗರಹಾವು’ ಮಾಡಿದರು. ನೋಡಿ ಬಂದ ತ.ರಾ.ಸು. “ನಾಗರಹಾವನ್ನು ಕೇರೆಹಾವು ಮಾಡಿದ್ದಾರೆ” ಅಂದರು ಎನ್ನುವ ಮಾತು ಗಾಂಧಿನಗರದಲ್ಲಿ ಇಂದಿಗೂ ಓಡಾಡುತ್ತದೆ. ಆದರೆ ಇವತ್ತು ಆ ಕಾದಂಬರಿ ಓದಲು ಕೂತವರಿಗೆ ಚಿತ್ರದುರ್ಗದ ಬಂಡೆಯ ಮೇಲೆ ವಿಷ್ಣುವರ್ಧನ್ ಬಿಟ್ಟು ಬೇರೆ ರಾಮಾಚಾರಿ ಕಾಣುತ್ತಾನೆಯೇ? ನನಗಂತೂ ಇಲ್ಲ. ಚರ್ಚ್ ಸ್ಟ್ರೀಟಿನ ಹುಡುಗಿಯ ಭಯವೂ ಇದೇ.

ಹಾಗಂತ ಕಥೆ ಬದಲಾಯಿಸಿದರು ಎನ್ನುವುದೇ ಈ ಸಿಟ್ಟಿನ ಮೂಲ ಎಂದು ಒಪ್ಪಲು ನನಗೆ ಕಷ್ಟ. ಬದಲಾಯಿಸುವುದರಲ್ಲಿ ನಮ್ಮ ಕವಿಗಳಿಗಿಂತ ಧೈರ್ಯಸ್ಥರು ಬೇಕೆ? ಹತ್ತನೇ ಶತಮಾನದಲ್ಲೇ ಪಂಪ ದ್ರೌಪದಿಯ ಐವರು ಗಂಡಂದಿರಲ್ಲಿ ನಾಲ್ವರನ್ನು ಕೈಬಿಟ್ಟು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಕುವೆಂಪು ಅವರ ರಾಮಾಯಣದಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಮೂಲಕ್ಕೆ ಅಪಚಾರವಾಯಿತು ಎಂದು ನಾವೇನೂ ಪುಸ್ತಕ ಮುಚ್ಚಿಡಲಿಲ್ಲ. “ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ” ಎಂದು ಕುಮಾರವ್ಯಾಸ ಹಾಸ್ಯ ಮಾಡುವಷ್ಟು ರಾಮಾಯಣಗಳು ಆಗಲೇ ಇದ್ದವು. ಯಕ್ಷಗಾನದಲ್ಲೂ ಅಷ್ಟೆ, ಈ ಮೇಳದ ಅಭಿಮನ್ಯು ಹಿಡಿಸದಿದ್ದರೆ ನಾಳೆ ರಾತ್ರಿ ಪಕ್ಕದೂರಿನಲ್ಲಿ ಇನ್ನೊಂದು ಮೇಳ, ಇನ್ನೊಬ್ಬ ಅಭಿಮನ್ಯು.

ಫ್ಯಾಂಟಸಿ ಕಾದಂಬರಿಗೆ ಆ ಇನ್ನೊಂದು ಮೇಳ ಇಲ್ಲ. ಹಕ್ಕು ಒಬ್ಬರ ಕೈಯಲ್ಲಿ, ಖರ್ಚು ನೂರಾರು ಕೋಟಿ. ಹಾಳು ಮಾಡಿದರೆ ಮತ್ತೆ ಯಾರಾದರೂ ಕೈ ಹಾಕುವ ಹೊತ್ತಿಗೆ ಈಗ ಹೈಸ್ಕೂಲಿನಲ್ಲಿರುವ ಓದುಗನಿಗೆ ತಲೆ ನರೆತಿರುತ್ತದೆ. ಟೋಲ್ಕಿನ್ ಮಾರಿದ ಹಕ್ಕು 1976ರಲ್ಲಿ ಸಾಲ್ ಝೆಂಟ್ಸ್ ಎಂಬ ನಿರ್ಮಾಪಕರ ಪಾಲಾಯಿತು. 1978ರಲ್ಲಿ ರಾಲ್ಫ್ ಬಕ್ಷಿ ಮಾಡಿದ ಅನಿಮೇಷನ್ ಚಿತ್ರ ಅರ್ಧ ಕಥೆಗೇ ನಿಂತಿತು. ಅಲ್ಲಿಂದ ನಿರ್ದೇಶಕ ಪೀಟರ್ ಜಾಕ್ಸನ್ ಬರುವವರೆಗೆ, ಅಂದರೆ 2001ರವರೆಗೆ, ಅಭಿಮಾನಿಗಳು ಕಾದರು. ಇಪ್ಪತ್ತಮೂರು ವರ್ಷ! (ನಮ್ಮ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡ 60 ವರ್ಷದ ಮೇಲೆ ಕೃತಿ ಎಲ್ಲರದ್ದೂ ಆಗುತ್ತದೆ. ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ. 2034ರಲ್ಲಿ ಯಾರಾದರೂ ಉಂಗುರದ ಪ್ರಸಂಗ ಬರೆದು ಗೆಜ್ಜೆ ಕಟ್ಟಿಸಿದರೆ ಮೊದಲ ಸಾಲಿನಲ್ಲಿ ನಾನು ಕೂರುತ್ತೇನೆ.)

ಜಾಕ್ಸನ್ ಅವರ ಮೂರು ಚಿತ್ರಗಳು ಜನರಿಗೆ ಹಿಡಿಸಿದವು, ಮೂರನೆಯದಕ್ಕೆ 11 ಆಸ್ಕರ್ ಬಂತು. ಅವುಗಳ ಮೇಲಿನ ಜಗಳವನ್ನು ಗಮನಿಸಿದರೆ ಅಭಿಮಾನಿಗಳ ಲೆಕ್ಕಾಚಾರ ತಿಳಿಯುತ್ತದೆ. ಟಾಮ್ ಬೊಂಬಡಿಲ್ ಎಂಬ ಹಾಡುಗಾರನ ಪಾತ್ರವನ್ನು ಪೂರ್ತಿ ಕೈಬಿಟ್ಟದ್ದಕ್ಕೆ ಗೊಣಗಾಟವಾಯಿತು, ಆಮೇಲೆ ತಣ್ಣಗಾಯಿತು. ಫರಮೀರ ಎಂಬ ದಳಪತಿಯ ವಿಷಯ ಮಾತ್ರ ಇಪ್ಪತ್ತು ವರ್ಷವಾದರೂ ಆರಿಲ್ಲ. ಕಾದಂಬರಿಯಲ್ಲಿ ಅವನು, ಎಲ್ಲರನ್ನೂ ಆಸೆಗೆ ಕೆಡವುವ ಆ ಉಂಗುರ ದಾರಿಯಲ್ಲಿ ಬಿದ್ದಿದ್ದರೂ ನಾನು ಎತ್ತಿಕೊಳ್ಳುವವನಲ್ಲ ಎನ್ನುವ ಮನುಷ್ಯ. ಸಿನಿಮಾದಲ್ಲಿ ಅವನೂ ಆಸೆಗೆ ಬಿದ್ದು, ಉಂಗುರ ಹೊತ್ತ ಫ್ರೋಡೋನನ್ನು ಸೆರೆಯಾಳಾಗಿ ತನ್ನೂರ ಕಡೆಗೆ ಎಳೆದೊಯ್ಯುತ್ತಾನೆ. ದೃಶ್ಯ ಬಿಟ್ಟರೆ ಸಹಿಸುತ್ತೇವೆ, ಸ್ವಭಾವ ಬದಲಿಸಿದರೆ ಅಲ್ಲ.

ಹ್ಯಾರಿ ಪಾಟರ್ ಮಂದಿಯದೂ ಇದೇ ಪಾಡು. ನಾಲ್ಕನೇ ಪುಸ್ತಕದಲ್ಲಿ ಶಾಲೆಯ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಹ್ಯಾರಿಯನ್ನು ಶಾಂತವಾಗಿ ಕೇಳುವ ಒಂದು ಪ್ರಶ್ನೆಯಿದೆ: ಸ್ಪರ್ಧಿಗಳನ್ನು ಆರಿಸುವ ಬೆಂಕಿಯ ಬಟ್ಟಲಿಗೆ ನಿನ್ನ ಹೆಸರು ನೀನೇ ಹಾಕಿದೆಯಾ? 2005ರ ಸಿನಿಮಾದಲ್ಲಿ ತಾತ ದಾಪುಗಾಲಿಟ್ಟು ಬಂದು ಹುಡುಗನನ್ನು ಹಿಡಿದು ಹಿಂದಕ್ಕೆ ದಬ್ಬುತ್ತಾ ಕಿರುಚುತ್ತಾರೆ. ಆ ‘ಶಾಂತವಾಗಿ’ ಎನ್ನುವ ಒಂದು ಪದದ ಮೇಲೆ ಬಂದ ಮೀಮ್‌ಗಳಿಗೆ ಲೆಕ್ಕವಿಲ್ಲ. ಇನ್ನು ಕಣ್ಣಿನ ಕಥೆ. ಹ್ಯಾರಿಗೆ ತಾಯಿಯ ಹಸಿರು ಕಣ್ಣು ಎಂದು ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಕಥೆಯ ಒಂದು ದೊಡ್ಡ ಗುಟ್ಟು ಅದರ ಮೇಲೇ ನಿಂತಿದೆ. ನಟ ಡೇನಿಯಲ್ ರಾಡ್‌ಕ್ಲಿಫ್‌ಗೆ ಲೆನ್ಸ್ ಒಗ್ಗಲಿಲ್ಲ, ನೀಲಿ ಕಣ್ಣೇ ಉಳಿಯಿತು. ಅದು ಹೋಗಲಿ. ಎಂಟನೇ ಚಿತ್ರದಲ್ಲಿ ತಾಯಿಯ ಬಾಲ್ಯ ತೋರಿಸುವಾಗ ಕಂದು ಕಣ್ಣಿನ ಹುಡುಗಿಯನ್ನು ಹಾಕಿದರು. ಆ ಹೊತ್ತಿಗೆ ಥಿಯೇಟರಿನಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕನ ಮಗಳು ಪಾಪ್‌ಕಾರ್ನ್ ಕೈಯಲ್ಲೇ ಹಿಡಿದು “ಅಯ್ಯೋ, ಕಣ್ಣು!” ಎಂದದ್ದು ಮೂರು ಸಾಲಿಗೆ ಕೇಳಿಸಿತು.

ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. 2010ರ ಪರ್ಸಿ ಜಾಕ್ಸನ್ ಸಿನಿಮಾ ಹನ್ನೆರಡರ ಹುಡುಗನನ್ನು ಕಾಲೇಜಿನವನ ಹಾಗೆ ಬೆಳೆಸಿಬಿಟ್ಟಿತ್ತು. ಹೀಗೆ ಮಾಡಬೇಡಿ ಎಂದು ಲೇಖಕ ರಿಕ್ ರಿಯೊರ್ಡನ್ ಮೊದಲೇ ಪತ್ರ ಬರೆದಿದ್ದರು, ಕೇಳಿದವರಿಲ್ಲ. 2023ರ ಡಿಸೆಂಬರಿನಲ್ಲಿ ಅದೇ ಕಥೆ ಸರಣಿಯಾಗಿ ಮರಳಿತು, ಈ ಸಲ ಲೇಖಕರೂ ತಂಡದೊಳಗಿದ್ದರು. ಹ್ಯಾರಿ ಪಾಟರ್ ಕೂಡ ಸರಣಿಯಾಗುತ್ತದೆ ಎಂದು ಅದೇ ವರ್ಷ ಘೋಷಣೆಯಾಯಿತು. ಇಷ್ಟು ವರ್ಷ ಸಿನಿಮಾವನ್ನು ಬೈದವರೇ ಈಗ ಆ ಹಳೆ ಮುಖಗಳನ್ನು ಬಿಟ್ಟುಕೊಡಲು ತಯಾರಿಲ್ಲ. ಮನುಷ್ಯನ ಬುದ್ಧಿ.

2023ರಲ್ಲೇ ಕನ್ನಡದಲ್ಲಿ ಇನ್ನೊಂದು ದಾರಿ ಕಂಡಿತು. ಪೂರ್ಣಚಂದ್ರ ತೇಜಸ್ವಿಯವರ ಸಣ್ಣಕಥೆಯೊಂದನ್ನು ‘ಡೇರ್‌ಡೆವಿಲ್ ಮುಸ್ತಾಫಾ’ ಮಾಡಲು ಶಶಾಂಕ್ ಸೋಗಾಲ್ ಹೊರಟಾಗ ದುಡ್ಡು ಹಾಕಿದವರು ತೇಜಸ್ವಿಯವರ ಓದುಗರೇ, ನೂರರಷ್ಟು ಮಂದಿ. ಹಾಳು ಮಾಡಿಬಿಟ್ಟರು ಎಂದು ಬೈಯಬೇಕಾದವರೇ ನಿರ್ಮಾಪಕರಾಗಿಬಿಟ್ಟರು! ಅದು ಕಾಲೇಜು ಹುಡುಗರ ಕಥೆ, ಫ್ಯಾಂಟಸಿಯಲ್ಲ, ನಿಜ. ಆದರೆ ಅಂದಿನಿಂದ ನಮ್ಮ ಗುಂಪಿಗೆ ಹೊಸ ಹುಚ್ಚು ಹಿಡಿದಿದೆ: ‘ಕರ್ವಾಲೊ’ ಮಾಡಿದರೆ?

ಕೋಟ್ಯಂತರ ವರ್ಷ ಹಿಂದಿನ ಹಾರುವ ಓತಿಯನ್ನು ಹುಡುಕಿಕೊಂಡು ಮಲೆನಾಡಿನ ಕಾಡಿಗೆ ಇಳಿಯುವ 1980ರ ಆ ಕಾದಂಬರಿಗಿಂತ ದೊಡ್ಡ ಮಾಯಾಲೋಕ ನಮಗೆ ಇನ್ನಾವುದಿದೆ? ಬಸವನಗುಡಿಯ ಹೋಟೆಲಿನಲ್ಲಿ ಭಾನುವಾರ ಬೆಳಗ್ಗೆ ಸೇರಿದಾಗೆಲ್ಲ ಪಾತ್ರ ಹಂಚಿಕೆ ನಡೆಯುತ್ತದೆ. ಮಂದಣ್ಣನಿಗೆ ನಾಲ್ಕು ಜನ ನಾಲ್ಕು ಹೆಸರು ಹೇಳುತ್ತಾರೆ. ಬಿರಿಯಾನಿ ಕರಿಯಪ್ಪನ ವಿಷಯಕ್ಕೆ ಒಮ್ಮೆ ಇಬ್ಬರು ಮಾತು ಬಿಟ್ಟು, ಎರಡನೇ ಕಾಫಿಗೆ ರಾಜಿಯಾದರು. ‘ಕಿವಿ’ ಎಂಬ ನಾಯಿಗೂ ಆಡಿಷನ್ ಬೇಕು ಎಂದು ಒಬ್ಬನ ಹಟ. ಒಂದು ಮಾತಿಗೆ ಮಾತ್ರ ಈವರೆಗೆ ಯಾರೂ ತಕರಾರು ಎತ್ತಿಲ್ಲ: ಕೊನೆಯಲ್ಲಿ ಓತಿ ಪ್ರಪಾತಕ್ಕೆ ಜಿಗಿದು ತೇಲಿಹೋಗುತ್ತದಲ್ಲ, ಆಗ ಕ್ಯಾಮೆರಾ ಆ ನಾಲ್ಕೈದು ಜನರ ಮುಖದ ಮೇಲೇ ಇರಬೇಕು. ಓತಿಯನ್ನು ತೋರಿಸಕೂಡದು.