ಹೊಸ ವೆಬ್‌ಸೈಟ್ ತೋರಿಸಿದ್ರ ಎಲ್ಲಾರೂ ‘ಮಸ್ತ್ ಆಗೇತಿ’ ಅಂತಾರ, ಖರೇ ಫೀಡ್‌ಬ್ಯಾಕ್ ಹೆಂಗ ತಗೋಬೇಕು?

ಓದುಗರ ಪ್ರಶ್ನಿ: ಸರ, ನಾವು ಬಾಗಲಕೋಟಿ ಹುಡುಗ್ರು. ಫೈನಲ್ ಇಯರ್ ಪ್ರಾಜೆಕ್ಟಿಗಂತ ಸಣ್ಣದೊಂದು ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್ ಮಾಡಿದ್ವಿ, ಈಗ ಜೂನಿಯರ್ಸೂ ಅದನ್ನ ಬಳಸಾಕ ಹತ್ಯಾರ. ಅದ್ರ ವೆಬ್‌ಸೈಟ್ ಪೂರ್ತಿ ಹೊಸದಾಗಿ ಡಿಸೈನ್ ಮಾಡೇವಿ. ವಾಟ್ಸಾಪ್ ಗ್ರೂಪಿನ್ಯಾಗ ಲಿಂಕ್ ಹಾಕಿ ಹೆಂಗೈತಿ ಹೇಳ್ರಿ ಅಂದ್ರ ಎಲ್ಲಾರೂ ಥಂಬ್ಸ್ ಅಪ್ ಒತ್ತಿ ಸುಮ್ನಾಗ್ತಾರ, ಒಬ್ಬಿಬ್ರು ಕಲರ್ ಚಲೋ ಇಲ್ಲ ಅಂದ್ರು. ಇದ್ರಾಗಿಂದ ಏನ್ ತಿಳ್ಕೋಬೇಕ್ರಿ?

ಉತ್ತರ: ಇದ್ರಾಗಿಂದ ಏನೂ ತಿಳಿಯಂಗಿಲ್ಲ ತಮ್ಮಾ, ಮತ್ತ ಅದು ಅವ್ರ ತಪ್ಪಲ್ಲ. ‘ಹೆಂಗೈತಿ’ ಅಂತ ಕೇಳಿದ್ರ ‘ಚಲೋ ಐತಿ’ ಅನ್ನೋದು ನಮ್ಮ ಕಡೆ ರೀತಿ. ಮನಿಗೆ ಬಂದ ಬೀಗರಿಗೆ ಊಟ ಹೆಂಗಿತ್ತ್ರಿ ಅಂದ್ರ ಯಾರರೆ ಎಣಗಾಯಿಗೆ ಉಪ್ಪು ಕಡಿಮಿ ಇತ್ತು ಅಂತಾರೇನು? ಖರೇ ಉತ್ತರ ಬೇಕಂದ್ರ ತಾಟಿನ್ಯಾಗ ಏನ್ ಉಳದೈತಿ ಅಂತ ನೋಡ್ಬೇಕು, ಅಷ್ಟ. ಈ ಪ್ರಶ್ನಿ ಭಾಳ ಮಂದಿ ಕೇಳ್ತಿರ್ತಾರ, ಲ್ಯಾಂಗ್ವೇಜ್ ಸೈಟ್ ಮಾಡಿದವ್ರು, ಕೋಡ್ ಲೈಬ್ರರಿ ಮಾಡಿದವ್ರು, ಡಾಕ್ಯುಮೆಂಟೇಶನ್ ಬರದವ್ರು ಎಲ್ಲಾರೂ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಅಭಿಪ್ರಾಯ ಕೇಳೋದು ಬಿಡ್ರಿ, ಕೆಲಸ ಕೊಡ್ರಿ. ನಿಮ್ಮ ಲ್ಯಾಂಗ್ವೇಜ್ ಹೆಸರೂ ಕೇಳದ ಒಬ್ಬ ಹುಡುಗನ್ನೋ ಹುಡುಗಿನ್ನೋ ಲ್ಯಾಬಿನ್ಯಾಗ ಕುಂದ್ರಿಸಿ, ಸೈಟ್ ತಗದು ಕೊಟ್ಟು, ‘ಇದನ್ನ ನಿನ್ನ ಮಷಿನ್ನಿಗೆ ಹಾಕ್ಕೊಂಡು ಒಂದು ಸಣ್ಣ ಪ್ರೋಗ್ರಾಮ್ ರನ್ ಮಾಡಿ ತೋರ್ಸು’ ಅಂತ ಹೇಳ್ರಿ. ಮುಂದ ನೀವು ಬಾಯಿ ಮುಚ್ಕೊಂಡು ಕುಂದ್ರಬೇಕು, ಅದ ಇದ್ರಾಗ ಎಲ್ಲಾಕ್ಕಿಂತ ಕಷ್ಟದ ಕೆಲಸ, ಯಾಕಂದ್ರ ಇನ್‌ಸ್ಟಾಲ್ ಬಟನ್ ಬಲಕ್ಕ ಮ್ಯಾಲ ಐತಿ ಅಂತ ನಿಮಗ ಗೊತ್ತಿರ್ತೈತಿ, ಅಂವ ಎಡಕ್ಕ ಕೆಳಗ ಹುಡುಕ್ತಿರ್ತಾನ, ‘ಅಲ್ಲೇ ಮ್ಯಾಲ ನೋಡಪಾ’ ಅನ್ನಾಕ ನಾಲಿಗಿ ತುದೀಗೆ ಬಂದಿರ್ತೈತಿ. ಅನ್ನಬ್ಯಾಡ್ರಿ. ಅಂವ ಎಲ್ಲಿ ಹುಡುಕಿದ ಅನ್ನೋದ ನಿಮ್ಮ ಫೀಡ್‌ಬ್ಯಾಕ್. ನೀವು ತೋರಿಸಿದ್ರ ಅದು ಅಲ್ಲೇ ಮುಗೀತು.

ಕೆಲಸ ಮಾಡ್ತಾ ಮಾಡ್ತಾ ಮನಸಿನ್ಯಾಗ ಏನ್ ನಡದೈತೋ ಅದನ್ನ ಜೋರಾಗಿ ಹೇಳ್ಕೋತ ಹೋಗು ಅಂತನೂ ಹೇಳ್ರಿ. ಈ ಪದ್ಧತಿ ಹೊಸದೇನಲ್ಲ, 1982ರೊಳಗ ಐಬಿಎಮ್‌ದಾಗ ಕ್ಲೇಟನ್ ಲೂಯಿಸ್ ಅನ್ನೋರು ಇಂಟರ್‌ಫೇಸ್ ಪರೀಕ್ಷಾಕ್ಕ ಇದನ್ನ ತಂದ್ರು. ಯಾವ ಭಾಷೆ ಬೇಕಾದ್ರೂ ಆಡ್ಲಿ. ನಮ್ಮ ಬೆಳಗಾವಿ ಕಾಲೇಜುಗಳೊಳಗ ಭಾಳ ಮಂದಿ ಮನಿಯೊಳಗ ಮರಾಠಿ ಆಡೋರು, ಅವ್ರಿಗೆ ಕನ್ನಡದಾಗನ ಹೇಳು ಇಲ್ಲಾ ಇಂಗ್ಲಿಷಿನ್ಯಾಗನ ಹೇಳು ಅಂದ್ರ ತಲಿಯೊಳಗ ಅನುವಾದ ಮಾಡ್ಕೋತ ಕುಂದ್ರತಾರ, ‘ಅರೆ ಹೇ ಕುಠೇ ಗೇಲಂ’ (ಅರೆ, ಇದೆಲ್ಲಿ ಹೋತು) ಅಂತ ಬಾಯಿಗೆ ಬಂದದ್ದು ಬರ್ಲಿ, ಅದ ಬೇಕಾಗಿರೋದು. ಪರವಾನಗಿ ತಗೊಂಡು ಸ್ಕ್ರೀನ್ ರೆಕಾರ್ಡ್ ಮಾಡ್ಕೊಂಡ್ರ ಇನ್ನೂ ಚಲೋ.

ಎಷ್ಟ್ ಮಂದಿ ಬೇಕು ಅಂತ ಕೇಳ್ತೀರಿ. ಯಾಕೋ ಎಲ್ಲಾರೂ ನೂರು ಇನ್ನೂರು ಅಂತ ತಿಳ್ಕೊಂಡಿರ್ತಾರ. ಜೇಕಬ್ ನೀಲ್ಸನ್ ಅನ್ನೋ ಯೂಸಬಿಲಿಟಿ (ಬಳಸಾಕ ಎಷ್ಟು ಸರಳ ಅನ್ನೋದರ) ತಜ್ಞ 2000ದಾಗ ಬರದ ಲೆಕ್ಕ ಪ್ರಸಿದ್ಧ ಐತಿ: ಒಬ್ಬ ಬಳಕೆದಾರನ ಕೂಡ ಕುಂತ್ರ ಸೈಟಿನ ತೊಂದ್ರಿಗಳೊಳಗ ಸುಮಾರು 31% ಕಾಣಿಸ್ತಾವು, ಐದು ಮಂದಿ ಆಗೂದ್ರಾಗ ಸುಮಾರು 85% ಸಿಕ್ಕಿರ್ತಾವು, ಆಮ್ಯಾಲ ನೋಡಿದ್ದನ್ನ ನೋಡೋದ. ಈ ಲೆಕ್ಕದ ಮ್ಯಾಲ ಜಗಳ ಅದಾವು, ಎಲ್ಲಾ ಸೈಟಿಗೂ 31% ಅನ್ನೋದು ಹೊಂದಂಗಿಲ್ಲ ಅಂತ ವಾದ ಮಾಡೋರು ಅದಾರ, ಇರ್ಲಿ. ನೀಲ್ಸನ್ನರ ಇನ್ನೊಂದು ಮಾತು ಮಾತ್ರ ನಿಮಗ ಉಪಯೋಗ ಆಗ್ತೈತಿ, ಹದಿನೈದು ಮಂದಿ ಸಿಗ್ತಾರಂದ್ರ ಒಮ್ಮೆಲೆ ಎಲ್ಲಾರನ್ನ ಕುಂದ್ರಿಸಬ್ಯಾಡ್ರಿ, ಐದು ಮಂದಿ ಕೂಡ ಕುಂತು, ಕಂಡದ್ದನ್ನ ಸರಿ ಮಾಡಿ, ಮತ್ತ ಐದು ಮಂದಿನ್ನ ಕರೀರಿ. ಎರಡನೇ ಸರ್ತಿ ನಿಮ್ಮ ರಿಪೇರಿಯಿಂದನ ಹುಟ್ಟಿದ ಹೊಸ ತೊಂದ್ರಿ ಸಿಗ್ತಾವು.

ಆದ್ರ ಲ್ಯಾಂಗ್ವೇಜ್ ಸೈಟಿಗೆ ಒಂದ್ ವಿಶೇಷ ಐತಿ. ಇಲ್ಲಿ ಬರೋ ಮಂದಿ ಎರಡು ಥರ. ಒಬ್ಬಂವ ಇದು ಏನು, ನಾ ಯಾಕ ಕಲೀಬೇಕು ಅಂತ ಬರಾಂವ, ಜಲ್ಮದಾಗ ಒಮ್ಮೆ ಬರ್ತಾನ. ಇನ್ನೊಬ್ಬಂವ ದಿನಾ ಬಳಸಾಂವ, ಸ್ಟ್ರಿಂಗ್ (ಅಕ್ಷರಗಳ ಸಾಲು) ಕತ್ತರಿಸೋ ಫಂಕ್ಷನ್ನಿನ ಹೆಸರು ಮರತು ಬಂದಿರ್ತಾನ, ಅವಂಗ ನಿಮ್ಮ ಮೊದಲ ಪುಟದ ಅನಿಮೇಶನ್ ಬ್ಯಾಡ, ಸರ್ಚ್ ಬೇಕು. ಇಬ್ರನ್ನೂ ಒಂದ ತಕ್ಕಡಿಯೊಳಗ ಹಾಕಿ ಕೇಳಿದ್ರ ಉತ್ತರ ಕಲಸಿ ಹೋಗ್ತೈತಿ. ಹಿಂಗಾಗಿ ಎರಡೂ ಥರದಿಂದ ಮೂರ್ನಾಲ್ಕು ಮಂದಿ, ಕೆಲಸನೂ ಬ್ಯಾರೆ ಬ್ಯಾರೆ. ಹೊಸಬ್ರಿಗೆ ಇನ್‌ಸ್ಟಾಲ್ ಮತ್ತ ಮೊದಲ ಪ್ರೋಗ್ರಾಮ್, ಹಳಬ್ರಿಗೆ ‘ಫೈಲ್ ಓದೋದು ಹೆಂಗ ಅಂತ ಹುಡುಕಿ ತಗೀರಿ’.

ಇದು ದೊಡ್ಡ ಮಂದಿಗೂ ತ್ರಾಸ ಕೊಟ್ಟೈತಿ. ರಸ್ಟ್ ಲ್ಯಾಂಗ್ವೇಜಿನ ಸೈಟ್ ನೋಡ್ರಿ, 2018ರ ಡಿಸೆಂಬರಿನ್ಯಾಗ ರಸ್ಟ್ 1.31 ಬಿಡುಗಡಿ ಜೋಡಿ ಹೊಸ ಸೈಟ್ ಬಂತು. ಅದಕ್ಕೂ ಮೊದಲ ನವೆಂಬರಿನ್ಯಾಗ ಬೀಟಾ (ಪರೀಕ್ಷಾ ಆವೃತ್ತಿ) ಅಂತ ಬಿಟ್ಟು, ತೊಂದ್ರಿ ಕಂಡ್ರ ಗಿಟ್‌ಹಬ್ಬಿನ್ಯಾಗ (ಕೋಡ್ ಇಡೋ ತಾಣ) ಹಾಕ್ರಿ ಅಂದ್ರು. ಹಳೇ ಸೈಟಿನ ಮೊದಲ ಪುಟದಾಗ ಒಂದ್ ಕೋಡ್ ತುಣುಕು ಇತ್ತು, ಅಲ್ಲೇ ರನ್ ಮಾಡಬಹುದಿತ್ತು, ಜೊತಿಗೆ ಭಾಳ ವೇಗ, ಸೆಗ್‌ಫಾಲ್ಟ್ (ಮೆಮೊರಿ ತಪ್ಪಿಗೆ ಪ್ರೋಗ್ರಾಮ್ ಬಿದ್ದು ಹೋಗೋದು) ಆಗಗೊಡಂಗಿಲ್ಲ, ಥ್ರೆಡ್ ಸುರಕ್ಷತೆ (ಒಮ್ಮೆಲೆ ಹಲವು ಕೆಲಸ ನಡದ್ರೂ ಗೊಂದಲ ಇಲ್ಲ) ಅಂತ ನೆಟ್ಟಗ ಬರದಿದ್ರು. ಹೊಸದ್ರಾಗ ಕೋಡ್ ಹೋತು, ಎಲ್ಲಾರೂ ಭರವಸಾ ಇಡೋವಂಥ ಸಾಫ್ಟ್‌ವೇರ್ ಕಟ್ಟಬಹುದು ಅನ್ನೋ ಅರ್ಥದ ಘೋಷಣೆ ಬಂತು, ದೊಡ್ಡ ದೊಡ್ಡ ಬಣ್ಣದ ಪಟ್ಟಿ ಬಂದ್ವು. ಹಳೇ ಬಳಕೆದಾರರು ಎದ್ದು ಕುಂತ್ರು, ಲ್ಯಾಂಗ್ವೇಜ್ ಸೈಟಿನ್ಯಾಗ ಲ್ಯಾಂಗ್ವೇಜ್ ಎಲ್ಲೈತಿ ಅಂತ. ಮಾಡಿದವ್ರ ವಿಚಾರನೂ ಪೂರಾ ತಪ್ಪಲ್ಲ, ಅವ್ರಿಗೆ ಸಿ ಪ್ಲಸ್ ಪ್ಲಸ್ ಗೊತ್ತಿಲ್ಲದ ಹೊಸಬ್ರು, ಕಂಪನಿ ಮ್ಯಾನೇಜರು ಇಂಥವ್ರು ಬೇಕಾಗಿದ್ರು, ಕೋಡ್ ಕಂಡ್ರ ಅವ್ರೇನು ತಿಳ್ಕೋತಾರ. ಆದ್ರ ಬಿಡುಗಡಿ ತಾರೀಖಿಗೆ ಕೆಲವ ದಿನ ಇದ್ದಾಗ ಬೀಟಾ ತೋರಿಸಿದ್ರ ಬಣ್ಣ, ಸಾಲು ತಿದ್ದಬಹುದು, ಯಾರಿಗೋಸ್ಕರ ಈ ಸೈಟ್ ಅನ್ನೋದನ್ನ ತಿದ್ದಾಕ ಬರಂಗಿಲ್ಲ, ಅದು ಆಗಲೇ ನಿರ್ಧಾರ ಆಗಿಬಿಟ್ಟಿರ್ತೈತಿ. ಇನ್ನೊಂದು, ಹಳೇ ಸೈಟಿಗೆ ಬ್ಯಾರೆ ಬ್ಯಾರೆ ಭಾಷೆಯ ಅನುವಾದ ಇದ್ವು, ಹೊಸದು ಬಂದಾಗ ಮೊದಲು ಇಂಗ್ಲಿಷ್ ಒಂದ. ನಾಳೆ ನೀವು ಕನ್ನಡ ಪುಟ ಇಟ್ಟಿದ್ರ, ಡಿಸೈನ್ ಬದಲಾಗೂ ಮುಂದ ಮೊದಲು ಉದುರೋದು ಅದ, ನೆನಪಿಟ್ಕೋರಿ.

ನನ್ನ ಕೇಳಿದ್ರ ಮೊದಲ ಪುಟದಾಗ ಕೋಡ್ ಇರಬೇಕು. ಪೈಥಾನಿನವ್ರು 2014ರೊಳಗ ಸೈಟ್ ಹೊಸದು ಮಾಡಿದಾಗ ಮುಂದ ಕೋಡ್ ತುಣುಕು ಇಟ್ಟು, ಬ್ರೌಸರಿನ್ಯಾಗನ ಶೆಲ್ (ಕೋಡ್ ಬರದು ಅಲ್ಲೇ ಓಡಿಸೋ ಕಿಟಕಿ) ತಗಿಯೋ ಬಟನ್ ಕೊಟ್ರು, ಗೋ ಲ್ಯಾಂಗ್ವೇಜಿನ ಸೈಟಿನ್ಯಾಗೂ ಬರದು ರನ್ ಒತ್ತಿ ನೋಡೋ ಡಬ್ಬಿ ಐತಿ. ಲ್ಯಾಬ್ ಪಿಸಿಯೊಳಗ ಅಡ್ಮಿನ್ ಪಾಸ್‌ವರ್ಡ್ ಇರದ ನಮ್ಮ ಹುಡುಗ್ರಿಗೆ ಅದೊಂದ ದಾರಿ, ಇನ್‌ಸ್ಟಾಲ್ ಮಾಡಾಕ ಬಿಟ್ರಲ್ಲಾ ಮಾಡೋದು. ನಿಮ್ಮ ಟೆಸ್ಟಿಂಗಿನ್ಯಾಗ ಇದೂ ಗೊತ್ತಾಗ್ತೈತಿ, ನಿಮ್ಮ ಲ್ಯಾಪ್‌ಟಾಪ್ ಕೊಡಬ್ಯಾಡ್ರಿ, ಅವ್ರ ಬಳಸೋ ಮಷಿನ್ನಿನ್ಯಾಗ, ಅವ್ರ ಫೋನಿನ್ಯಾಗ ನೋಡ್ರಿ. ವಾಟ್ಸಾಪಿಗೆ ಲಿಂಕ್ ಹಾಕೀರಿ ಅಂದ್ರ ಬಂದವ್ರೊಳಗ ಹೆಚ್ಚಿನವ್ರು ಫೋನಿನ್ಯಾಗ ನೋಡ್ಯಾರ, ಕೋಡ್ ಸಾಲು ಸ್ಕ್ರೀನ್ ದಾಟಿ ಹೋಗಿರ್ತೈತಿ, ಅದನ್ನ ಯಾರೂ ಹೇಳಿರಂಗಿಲ್ಲ.

ಕಲರ್ ವಿಷಯಕ್ಕ ಬರೋಣು. ಬಣ್ಣದ ಮ್ಯಾಲ ಎಲ್ಲಾರಿಗೂ ಅಭಿಪ್ರಾಯ ಇರ್ತೈತಿ, ಅದನ್ನ ಹೇಳಾಕ ಕಂಪೈಲರ್ ಗೊತ್ತಿರಬೇಕಂತಿಲ್ಲಲ್ಲ. ಹಂಗಂತ ತಳ್ಳಿ ಹಾಕಬ್ಯಾಡ್ರಿ, ತಿರಗಿ ಒಂದ್ ಪ್ರಶ್ನಿ ಕೇಳ್ರಿ: ‘ಯಾವ ಸಾಲು ಓದಾಕ ತ್ರಾಸ ಆತು?’ ಅಂತ. ಸಾಲು ತೋರಿಸಿದ್ರ ಅದು ಬಣ್ಣದ ರುಚಿ ಅಲ್ಲ, ಕಾಂಟ್ರಾಸ್ಟಿನ ತೊಂದ್ರಿ. ಅದಕ್ಕ ಅಳತಿ ಐತಿ, ಡಬ್ಲ್ಯುಸಿಎಜಿ ಅನ್ನೋ, ವೆಬ್ ಎಲ್ಲಾರಿಗೂ ಬಳಸಾಕ ಬರಬೇಕಂತ ಮಾಡಿದ ಮಾನದಂಡದ ಪ್ರಕಾರ ಸಾದಾ ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ಕಾಂಟ್ರಾಸ್ಟ್ ಕಡಿಮಿ ಅಂದ್ರೂ 4.5:1 ಇರಬೇಕು, ಬ್ರೌಸರಿನ ಡೆವ್‌ಟೂಲ್ಸ್ (ಡೆವಲಪರ್‌ಗಳ ಸಲಕರಣಿ) ಅದನ್ನ ತೋರಿಸ್ತೈತಿ. ಕೋಡಿನ ಕಾಮೆಂಟ್ ಸಾಲುಗಳನ್ನ ತಿಳಿ ಬೂದಿ ಬಣ್ಣಕ್ಕ ಹಾಕೋದು ಎಲ್ಲಾರ ಚಟ, ಮೊದಲ ಅದನ್ನ ನೋಡ್ರಿ. ಸಾಲು ತೋರಸ್ಲಿಲ್ಲ, ಸುಮ್ನ ನೇರಳೆ ಸೇರಂಗಿಲ್ಲ ಅಂದ್ರ, ಬರದಿಟ್ಟು ಮುಂದ ಹೋಗ್ರಿ.

ಹಳಬ್ರು ‘ಹಳೇದ ಚಲೋ ಇತ್ತು’ ಅನ್ನೋದೂ ಹಂಗ. ರೂಢಿ ತಪ್ಪಿದ್ದಕ್ಕ ಬರೋ ಸಿಟ್ಟು ಸ್ವಲ್ಪ ದಿನಕ್ಕ ಇಳೀತೈತಿ. ಇಳಿಯದೇ ಇರೋದು ಯಾವ್ದಂದ್ರ ‘ಮೊದಲು ಸಿಗ್ತಿತ್ತು, ಈಗ ಸಿಗವಲ್ದು’ ಅನ್ನೋ ಮಾತು. ಅದ್ರಾಗ ಹೆಚ್ಚಿನವು ಮುರದ ಲಿಂಕ್. ನಿಮ್ಮ ಜೂನಿಯರ್ಸ್ ರಿಪೋರ್ಟಿನ್ಯಾಗ, ನೋಟ್ಸಿನ್ಯಾಗ ಹಳೇ ಪುಟದ ವಿಳಾಸ ಹಾಕ್ಕೊಂಡಿರ್ತಾರ, ನೀವು ಫೋಲ್ಡರ್ ಬದಲಿ ಮಾಡಿದ ಕೂಡ್ಲೆ ಎಲ್ಲಾ 404 (ಪುಟ ಸಿಗಲಿಲ್ಲ ಅನ್ನೋ ಸಂದೇಶ). ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ 1998ರೊಳಗನ ವಿಳಾಸ ಬದಲಿ ಮಾಡಬ್ಯಾಡ್ರಪಾ ಅಂತ ಬರದಾರ, ಯಾರೂ ಕೇಳಂಗಿಲ್ಲ. ಸರ್ವರ್ ಲಾಗ್ (ಯಾರು ಯಾವ ಪುಟ ಕೇಳಿದ್ರು ಅನ್ನೋ ದಾಖಲೆ) ತಗದು ಯಾವ ಯಾವ ವಿಳಾಸಕ್ಕ 404 ಬರಾಕ ಹತ್ತೈತಿ ನೋಡ್ರಿ, 301 ರೀಡೈರೆಕ್ಟ್ (ಹಳೇ ವಿಳಾಸದಿಂದ ಹೊಸದಕ್ಕ ತಾನ ಕಳಸೋ ವ್ಯವಸ್ಥಾ) ಹಾಕ್ರಿ. ಜೊತಿಗೆ ಸೈಟಿನ ಸರ್ಚ್ ಡಬ್ಬಿಯೊಳಗ ಮಂದಿ ಏನ್ ಟೈಪ್ ಮಾಡ್ಯಾರ, ಯಾವ್ದಕ್ಕ ಒಂದೂ ರಿಸಲ್ಟ್ ಬಂದಿಲ್ಲ ಅನ್ನೋ ಪಟ್ಟಿನೂ ತಗೀರಿ. ಯಾರನ್ನೂ ಕೇಳದ ಸಿಗೋ ಫೀಡ್‌ಬ್ಯಾಕ್ ಅದು, ಥಂಬ್ಸ್ ಅಪ್ಪಿಗಿಂತ ಹತ್ತು ಪಾಲು ಮೇಲು.

ಬಂದದ್ದೆಲ್ಲಾ ಒಂದ ಕಡೆ ಇರ್ಲಿ, ಒಂದ್ ಶೀಟ್ ಸಾಕು. ಯಾರು ಹೇಳಿದ್ರು ಅನ್ನೋದಕ್ಕಿಂತ ಏನ್ ಮಾಡಾಕ ಹೋಗಿ ಎಲ್ಲಿ ಸಿಕ್ಕೊಂಡ್ರು ಅಂತ ಬರೀರಿ. ಎಚ್‌ಓಡಿ ಸರ್ ಹೇಳಿದ್ರಂತ ಲೋಗೋ ದೊಡ್ಡದು ಮಾಡೋದು, ಇನ್‌ಸ್ಟಾಲ್ ಆಗದ ಒದ್ದಾಡಿದ ಹುಡುಗಿ ಮಾತು ಕೆಳಗ ಹೋಗೋದು, ಇದು ಆಗೇ ಆಗ್ತೈತಿ, ಶೀಟ್ ಇದ್ರ ಸ್ವಲ್ಪರೆ ತಡೀಬಹುದು. ಮಾಡಂಗಿಲ್ಲ ಅಂತ ನಿರ್ಧಾರ ಮಾಡಿದ್ದಕ್ಕೂ ಒಂದ್ ಸಾಲು ಉತ್ತರ ಕೊಡ್ರಿ, ಯಾಕ ಅಂತ. ಉತ್ತರ ಸಿಗದಂವ ಮುಂದಿನ ಸರ್ತಿ ಬಾಯಿ ತಗಿಯಂಗಿಲ್ಲ.

ಹಂಗಾರ ಗೂಗಲ್ ಫಾರ್ಮ್ ಬ್ಯಾಡೇನ್ರಿ ಅಂದ್ರ, ಬೇಕು, ಆದ್ರ ಕೊನೀಗೆ, ಮತ್ತ ಸಣ್ಣದು. ‘ಹೊಸ ಡಿಸೈನಿಗೆ ಐದಕ್ಕ ಎಷ್ಟ್ ಕೊಡ್ತೀರಿ’ ಅನ್ನೋದು ತಗದುಹಾಕ್ರಿ. ಇವತ್ತ ಸೈಟಿಗೆ ಯಾಕ ಬಂದಿದ್ರಿ, ಬಂದ ಕೆಲಸ ಆತೋ ಇಲ್ಲೋ, ಆಗ್ಲಿಲ್ಲಂದ್ರ ಎಲ್ಲಿ ನಿಂತ್ರಿ, ಈ ಮೂರು ಸಾಕು. ಹೆಸರು, ಯುಎಸ್ಎನ್ (ವಿದ್ಯಾರ್ಥಿಯ ರಿಜಿಸ್ಟರ್ ನಂಬರ್) ಕಡ್ಡಾಯ ಮಾಡಬ್ಯಾಡ್ರಿ ಮತ್ತ, ತನ್ನ ಯುಎಸ್ಎನ್ ಹಾಕಿ ಸೀನಿಯರ್ ಮಾಡಿದ್ದು ತಿಳಿವಲ್ದು ಅಂತ ಬರಿಯೋ ಜೂನಿಯರ್ ಇನ್ನೂ ಹುಟ್ಟಿಲ್ಲ.