ಮರದ ಮೇಲಿದ್ದದ್ದೆಲ್ಲ ಬಂದಣಿಕೆ ಅಲ್ಲ

ಮಳೆ ಶುರುವಾಗುವ ಹೊತ್ತಿಗೆ ಸೀತಾಳೆ ದಂಡೆ ಅನ್ನುವ ಆರ್ಕಿಡ್‌ನ ಫೋಟೋ ಸ್ಟೇಟಸ್‌ಗೆ ಹಾಕಿ 'ನಮ್ಮ ಹಲಸಿನ ಮರದ ಬಂದಣಿಕೆ ಹೂ ಬಿಟ್ಟಿದೆ' ಅಂತ ಬರೆಯುವವರು, ಅದಕ್ಕೆ 'ಕಿತ್ತು ಬಿಸಾಡಿ ಮಾರಾಯ್ರೆ, ಮರ ಸಾಯ್ತದೆ' ಅಂತ ಬುದ್ಧಿ ಹೇಳುವವರು ಈ ವರ್ಷವೂ ಸಿಕ್ಕಿದ್ರು. ಉಡುಪಿಯಿಂದ ಆಗುಂಬೆ ಘಾಟಿ ಹತ್ತಿದವರದ್ದೂ ಇದೇ ಕಥೆ, ಕೊಂಬೆ ಮೇಲಿನ ಜರಿಗಿಡ, ಆರ್ಕಿಡ್ ಎಲ್ಲದಕ್ಕೂ ಬಂದಣಿಕೆ, ಅಂದ್ರೆ ಮರದೊಳಗೆ ಇಳಿದು ಅದರ ನೀರು ಎಳೆದು ಬದುಕುವ ಗಿಡ, ಅಂತ ಒಂದೇ ಹೆಸರು.

ಅಮರಕೋಶದಲ್ಲಿ ಬಂದಣಿಕೆಗೆ ವಂದಾ, ವೃಕ್ಷಾದನೀ, ವೃಕ್ಷರುಹಾ, ಜೀವಂತಿಕಾ ಅಂತ ಸಾಲಾಗಿ ಹೆಸರುಂಟು. ಅದನ ಅಂದ್ರೆ ತಿನ್ನೋದು, ಹಾಗಾಗಿ ವೃಕ್ಷಾದನೀ ಮರ ತಿನ್ನುವಂಥದ್ದು. ರುಹ ಅಂದ್ರೆ ಹುಟ್ಟಿ ಬೆಳೆದದ್ದು, ಭೂರುಹ, ಸರೋರುಹ ಗೊತ್ತುಂಟಲ್ಲ, ಹಾಗೇ ವೃಕ್ಷರುಹಾ ಮರದ ಮೇಲೆ ಹುಟ್ಟಿದ್ದು. ಎರಡೂ ಬಂದಣಿಕೆಗೆ ಸರಿ, ಆದ್ರೆ ನಮ್ಮ ಜನ ಇದನ್ನ ಉಲ್ಟಾ ಮಾಡಿ ಮರದ ಮೇಲೆ ಹುಟ್ಟಿದ್ದೆಲ್ಲ ಮರ ತಿಂತದೆ ಅಂತ ತೀರ್ಮಾನ ಮಾಡಿಬಿಟ್ಟಿದ್ದಾರೆ.

ನಿಜವಾದ ಬಂದಣಿಕೆ ನೋಡ್ಬೇಕಾ, ಹಳೇ ಮಾವಿನ ಮರದಲ್ಲಿ ಮಾವಿನದ್ದಲ್ಲದ ದಪ್ಪ ಎಲೆಯ ಗೊಂಚಲು ಹುಡುಕಿ. ಗುಬ್ಬಿಗಿಂತ ಸಣ್ಣ ಬದನಿಕೆ ಹಕ್ಕಿ ಅದರ ಹಣ್ಣು ತಿಂತದೆ, ಬೀಜ ಎಷ್ಟು ಅಂಟು ಅಂದ್ರೆ ಹಿಕ್ಕೆ ಹಾಕುವಾಗ ಕೆಳಗೆ ಬೀಳದೆ ಕೊಂಬೆಗೇ ಮೆತ್ತಿಕೊಳ್ತದೆ, ಅಲ್ಲೇ ಮೊಳೆತು ತೊಗಟೆ ಸೀಳಿ ಒಳಗಿನ ಕಟ್ಟಿಗೆಯವರೆಗೂ ಇಳಿದು ನೀರು, ಲವಣ ಎಳೀತದೆ. ಸೇರಿದ ಜಾಗ ಗಂಟು ಗಂಟಾಗಿ ಉಬ್ಬಿರ್ತದೆ. ಹಾಗಂತ ಪೂರ್ತಿ ಬಿಟ್ಟಿ ಊಟವೂ ಅಲ್ಲ, ಹಸಿರೆಲೆ ಇರೋದ್ರಿಂದ ಬಿಸಿಲಲ್ಲಿ ತನ್ನ ಆಹಾರ ತಾನೇ ಮಾಡ್ಕೊಳ್ತದೆ.

ಸೀತಾಳೆ ದಂಡೆ ಮರದ ಒಳಗೆ ಹೋಗೋದೇ ಇಲ್ಲ. ಬೇರು ತೊಗಟೆಯನ್ನ ಹಿಡ್ಕೊಂಡಿರ್ತದೆ ಅಷ್ಟೇ, ಬೇರಿನ ಮೇಲಿನ ಬಿಳಿ ಪದರ ಮಳೆನೀರು ಹೀರ್ತದೆ, ಒದ್ದೆಯಾದ ಕೂಡ್ಲೆ ಹಸಿರಾಗ್ತದೆ, ಒಂದು ಚೊಂಬು ನೀರು ಹೊಯ್ದು ನೋಡಿ ಬೇಕಾದ್ರೆ. ತೆಂಗಿನ ಸಿಪ್ಪೆಗೆ ಕಟ್ಟಿದ್ರೂ ಬದುಕುವ ಗಿಡ ಅದು, ಸಿಪ್ಪೆಯಿಂದ ಎಂತ ರಕ್ತ ಹೀರ್ತದೆ? ಇಂಥವಕ್ಕೆ ಎಪಿಫೈಟ್ ಅಂತ ಹೆಸರು. ಅಡಿಕೆ ಮರಕ್ಕೆ ಹತ್ತಿದ ಕಾಳುಮೆಣಸು ಅದೂ ಅಲ್ಲ, ಅದರ ಬುಡ ನೆಲದಲ್ಲೇ ಉಂಟು.

ತಮಾಷೆ ಅಂದ್ರೆ ಶ್ರೀಗಂಧ ಮಣ್ಣಿನಡಿ ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಚುಚ್ಚಿ ಬದುಕ್ತದೆ, ಅದಕ್ಕೆ ಯಾರೂ ಬೈಯೋದಿಲ್ಲ!

ಬಂದಣಿಕೆ ತೆಗೆಯೋದಾದ್ರೆ ಹಣ್ಣಾಗುವ ಮೊದಲೇ, ಗಂಟಿಗಿಂತ ಕೆಳಗೆ ಕೊಂಬೆಯನ್ನೇ ಕಡೀರಿ, ಬರೀ ಎಲೆ ಎಳೆದ್ರೆ ಮತ್ತೆ ಚಿಗುರ್ತದೆ. ಆರ್ಕಿಡನ್ನ ಅದರಷ್ಟಕ್ಕೆ ಬಿಡಿ.